ಇನ್ನೊಬ್ಬರ ಕಾರಿಗೆ ನಮ್ಮ ಕೈಯಲ್ಲಿ ಪೆಟ್ಟಾದಾಗ: ಯಾರು, ಎಷ್ಟು, ಹೇಗೆ ಕೊಡಬೇಕು

ಗುಬ್ಬಿ ದಾಟಿ ತಿಪಟೂರಿನ ಕಡೆ ಹೊರಟಿದ್ದೆ. ಕಾರು ನನ್ನದಲ್ಲ, ಭಾವನದ್ದು. ಮುಂದೆ ತೆಂಗಿನಕಾಯಿ ತುಂಬಿದ ಗೂಡ್ಸ್ ಆಟೋ ಹೋಗುತ್ತಿತ್ತು. ಹಂಪ್ ಬಂತು, ಆಟೋ ನಿಧಾನವಾಯಿತು, ನಾನು ಬ್ರೇಕ್ ಒತ್ತುವುದು ಸ್ವಲ್ಪ ತಡವಾಯಿತು. ದೊಡ್ಡ ಶಬ್ದವೇನೂ ಬರಲಿಲ್ಲ. ಇಳಿದು ನೋಡಿದರೆ ಬಂಪರ್ ಸೀಳಿದೆ, ಬಾನೆಟ್ಟಿನ ಮೂತಿ ಮಡಚಿದೆ, ಎಡಗಡೆಯ ಹೆಡ್‌ಲೈಟ್ ಪುಡಿಯಾಗಿದೆ. ಆಟೋದಿಂದ ಉರುಳಿದ ಒಂದು ಕಾಯಿ ನಮ್ಮ ಚಕ್ರಕ್ಕೆ ತಾಗಿ ನಿಂತಿತ್ತು.

ಯಾರಿಗೂ ಗಾಯವಾಗಿರಲಿಲ್ಲ. ಭಾವ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಬಿಡು ಮಾರಾಯ, ಇನ್ಶೂರೆನ್ಸ್ ಇದೆಯಲ್ಲ." ಇನ್ಶೂರೆನ್ಸ್ ಕೊಡದ ಹಣವನ್ನು ಗ್ಯಾರೇಜಿಗೆ ನಾನೇ ಕಟ್ಟಿದೆ. ಲೆಕ್ಕ ಚುಕ್ತಾ ಆಯಿತು ಅಂದುಕೊಂಡೆ. ಮುಂದಿನ ವರ್ಷ ಅಕ್ಕ ಬೇರೆ ಏನೋ ಮಾತಾಡುತ್ತಾ, "ಈ ಸಲ ಕಾರಿನ ಇನ್ಶೂರೆನ್ಸ್ ಯಾಕೋ ಜಾಸ್ತಿ ಬಂತು ಕಣೋ" ಅಂದಳು. ಯಾಕೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ. ನಾನು ಕೊಟ್ಟಿದ್ದು ಭಾವನಿಗಾದ ನಷ್ಟದ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ.

ನಮ್ಮ ಕಡೆ ಕಾರು ಕೊಟ್ಟವರು ಬಾಯಿ ಬಿಟ್ಟು ಹಣ ಕೇಳುವುದಿಲ್ಲ. ದಾಕ್ಷಿಣ್ಯ ಅಡ್ಡ ಬರುತ್ತದೆ. ಹಾಗಾಗಿ ಲೆಕ್ಕ ಹಾಕುವ ಕೆಲಸ ಕಾರು ತೆಗೆದುಕೊಂಡು ಹೋದವರದ್ದು. ಅದನ್ನು ಹೇಗೆ ಮಾಡುವುದು ಅಂತ ಮೊದಲಿನಿಂದ ಹೇಳುತ್ತೇನೆ.

ಹಂತ 1: ರಸ್ತೆಯಲ್ಲಿ, ಮೊದಲ ಅರ್ಧ ಗಂಟೆ

ಮೊದಲು ಜನ, ಆಮೇಲೆ ಕಾರು. ಯಾರಿಗಾದರೂ ಪೆಟ್ಟಾಗಿದ್ದರೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033 ಕೂಡ ಇದೆ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು, ಇವೆರಡೂ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಡ್ರೈವರ್‌ನ ಕರ್ತವ್ಯ. ಡ್ರೈವರ್ ಅಂದರೆ ಆಗ ಸ್ಟೀರಿಂಗ್ ಹಿಡಿದಿದ್ದವರು. "ಕಾರು ನನ್ನದಲ್ಲ" ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಆಮೇಲೆ ಫೋಟೋ. ಎರಡೂ ಗಾಡಿಯ ನಂಬರ್ ಪ್ಲೇಟ್ ಕಾಣುವಂತೆ ದೂರದಿಂದ ಒಂದಷ್ಟು, ಪೆಟ್ಟಾದ ಜಾಗದ ಹತ್ತಿರದ್ದು ಒಂದಷ್ಟು, ರಸ್ತೆ, ಹಂಪ್, ಬ್ರೇಕ್ ಗುರುತು ಎಲ್ಲಾ ತೆಗೆಯಿರಿ. ಎದುರಿನವರ ಹೆಸರು, ಫೋನ್ ನಂಬರ್, ಅವರ ಗಾಡಿಯ ಇನ್ಶೂರೆನ್ಸ್ ವಿವರ ಬರೆದುಕೊಳ್ಳಿ. ಒಡೆದ ಚೂರುಗಳನ್ನೂ ಒಂದು ಕವರಿಗೆ ಹಾಕಿಟ್ಟುಕೊಳ್ಳಿ. ಹೆಡ್‌ಲೈಟಿನ ಒಂದು ಕ್ಲಿಪ್ ಸಿಕ್ಕಿದ್ದಕ್ಕೆ ನಮ್ಮ ಟಿಂಕರಿಂಗ್ ಮಾಡುವವರು ಖುಷಿಪಟ್ಟಿದ್ದು ನನಗೆ ಇನ್ನೂ ನೆನಪಿದೆ.

ಬಾನೆಟ್ ಕೆಳಗೆ ನೀರು ಸೋರುತ್ತಿದ್ದರೆ ಕಾರು ಓಡಿಸಬೇಡಿ. ರೇಡಿಯೇಟರ್ ಒಡೆದದ್ದು ಗೊತ್ತಿದ್ದೂ ಹತ್ತು ಕಿಲೋಮೀಟರ್ ಓಡಿಸಿ ಇಂಜಿನ್ ಸೀಜ್ ಆದರೆ, ಆ ಇಂಜಿನ್ ಖರ್ಚನ್ನು ಇನ್ಶೂರೆನ್ಸ್ ಕೊಡುವುದಿಲ್ಲ. ಅಪಘಾತಕ್ಕಿಂತ ಅದೇ ದೊಡ್ಡ ಬಿಲ್ ಆಗುತ್ತದೆ. ಟೋ ಮಾಡಿಸಿ.

ರಸ್ತೆಯಲ್ಲೇ ಹಣ ಕೊಟ್ಟು ಮುಗಿಸುವ ಬಗ್ಗೆ ಒಂದು ಮಾತು. ಗಾಯವಾಗಿದ್ದರೆ ಹಾಗೆ ಮಾಡಲೇಬೇಡಿ. ಬರೀ ಡೆಂಟ್ ಆಗಿದ್ದರೆ ಜನ ಮಾಡುತ್ತಾರೆ, ನಾನೂ ಮಾಡಿದೆ. ಆಟೋ ಯಜಮಾನರು ಹಿಂದಿನ ಡೋರು ನೆಟ್ಟಗೆ ಮಾಡಿಸಲು 3,500 ರೂಪಾಯಿ ಕೇಳಿದರು, ಕೊಟ್ಟೆ. ಆದರೆ ಕಂಪನಿಯ ಒಪ್ಪಿಗೆ ಇಲ್ಲದೆ ಹೀಗೆ ಕೊಟ್ಟ ಹಣ ಇನ್ಶೂರೆನ್ಸ್‌ನಿಂದ ವಾಪಸ್ ಬರುವುದಿಲ್ಲ. "ಎಲ್ಲಾ ಖರ್ಚೂ ನಾನೇ ಕೊಡುತ್ತೇನೆ" ಅಂತ ಕಾರಿನ ಓನರ್ ಪರವಾಗಿ ಬರೆದುಕೊಡುವ ಹಕ್ಕೂ ನಮಗಿಲ್ಲ. ಕೊಡುವುದಾದರೆ ನಮ್ಮ ಜೇಬಿನಿಂದ ಕೊಟ್ಟು, ಗಾಡಿ ನಂಬರ್, ಮೊತ್ತ, "ಇನ್ನು ಬಾಕಿ ಇಲ್ಲ" ಅಂತ ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ.

ಹಂತ 2: ಓನರ್‌ಗೆ ಆಗಲೇ ಫೋನ್ ಮಾಡಿ

ಮನೆಗೆ ಹೋದ ಮೇಲೆ ಹೇಳೋಣ, ರಿಪೇರಿ ಮಾಡಿಸಿ ಗೊತ್ತಾಗದ ಹಾಗೆ ಕೊಡೋಣ ಅನ್ನುವ ಯೋಚನೆ ಬರುತ್ತದೆ. ಬೇಡ. ಪಾಲಿಸಿ ಇರುವುದು ಅವರ ಹೆಸರಿನಲ್ಲಿ. ಇನ್ಶೂರೆನ್ಸ್ ಕಂಪನಿಗೆ ತಕ್ಷಣ ತಿಳಿಸಬೇಕು ಅನ್ನುವುದು ಪಾಲಿಸಿಯ ಷರತ್ತು, ಮತ್ತು ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ನೋಡುವ ಮೊದಲು ರಿಪೇರಿ ಶುರು ಮಾಡಿದರೆ ಕ್ಲೈಮ್ ಹೋದಂತೆಯೇ. ನೀವು ಗುಟ್ಟಾಗಿ ಬಂಪರ್ ಬದಲಿಸಿದರೆ ಅವರಿಗಿದ್ದ ದಾರಿಯನ್ನೇ ಮುಚ್ಚಿದ ಹಾಗೆ.

ಫೋನಿನಲ್ಲಿ ಮೂರೇ ವಿಷಯ ಹೇಳಿ: ಯಾರಿಗೆ ಏನಾಯಿತು, ಕಾರಿಗೆ ಏನಾಯಿತು, ಖರ್ಚು ನನ್ನದು. ಈ ಮೂರನೆಯದನ್ನು ಮೊದಲ ಫೋನಿನಲ್ಲೇ ಹೇಳಬೇಕು. "ಭಾವ, ನೀವು ಬೇಡ ಅಂದರೂ ಖರ್ಚು ನಾನೇ ನೋಡಿಕೊಳ್ಳುತ್ತೇನೆ. ಎಲ್ಲಿ ರಿಪೇರಿ ಮಾಡಿಸಬೇಕು ಅನ್ನೋದನ್ನ ಮಾತ್ರ ನೀವು ಹೇಳಿ." ಗ್ಯಾರೇಜ್ ಆರಿಸುವುದು ಓನರ್ ಹಕ್ಕು. ನಿಮಗೆ ಗೊತ್ತಿರುವ ಶೆಡ್ಡಿನಲ್ಲಿ ಅರ್ಧ ಬೆಲೆಗೆ ಆಗುತ್ತದೆ ಅಂತ ಅಲ್ಲಿಗೆ ಎಳೆದುಕೊಂಡು ಹೋಗಬೇಡಿ.

ಹಂತ 3: ಯಾರ ಡಿಎಲ್? ಓಡಿಸಿದವರದ್ದೇ

ಇದು ತುಂಬಾ ಕಡೆ ತಪ್ಪಾಗುವ ಜಾಗ. ಗ್ಯಾರೇಜಿನಲ್ಲೋ ಊರಿನಲ್ಲೋ ಯಾರಾದರೂ, "ಓನರೇ ಓಡಿಸ್ತಿದ್ರು ಅಂತ ಬರೀರಿ, ಸುಲಭ ಆಗುತ್ತೆ" ಅನ್ನುತ್ತಾರೆ. ಹಾಗೆ ಬರೆಯುವುದು ಸುಳ್ಳು ಕ್ಲೈಮ್. ಸಿಸಿಟಿವಿ, ಟೋಲ್ ಕ್ಯಾಮೆರಾ, ಎದುರಿನವರ ಹೇಳಿಕೆ, ಯಾವುದರಿಂದ ಬೇಕಾದರೂ ಹೊರಬರಬಹುದು. ಬಂದರೆ ಇಡೀ ಕ್ಲೈಮ್ ತಿರಸ್ಕಾರವಾಗುತ್ತದೆ, ಸಿಕ್ಕಿಬೀಳುವವರು ಸಹಿ ಹಾಕಿದ ಓನರ್.

ಅದಕ್ಕಿಂತ ಮುಖ್ಯವಾಗಿ, ಆ ಸುಳ್ಳಿನ ಅಗತ್ಯವೇ ಇಲ್ಲ. ನಮ್ಮ ದೇಶದಲ್ಲಿ ಖಾಸಗಿ ಕಾರಿನ ಪಾಲಿಸಿ ಕಾರಿಗೆ ಅಂಟಿಕೊಂಡಿರುತ್ತದೆ. ಪಾಲಿಸಿಯಲ್ಲಿ "ಡ್ರೈವರ್ಸ್ ಕ್ಲಾಝ್" ಅಂತ ಒಂದು ಭಾಗ ಇರುತ್ತದೆ, ತೆಗೆದು ಓದಿ. ಓನರ್ ಸೇರಿದಂತೆ ಯಾರು ಬೇಕಾದರೂ ಓಡಿಸಬಹುದು, ಆ ಸಮಯಕ್ಕೆ ಚಾಲ್ತಿಯಲ್ಲಿರುವ ಡಿಎಲ್ ಇರಬೇಕು ಅಷ್ಟೇ ಅಂತ ಅಲ್ಲಿ ಇರುತ್ತದೆ. ಎಲ್‌ಎಲ್‌ಆರ್ ಇರುವವರಾದರೆ ಪಕ್ಕದಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು, ಕಾರಿಗೆ ಎಲ್ ಬೋರ್ಡ್ ಇರಬೇಕು.

ಕ್ಲೈಮಿಗೆ ಬೇಕಾಗುವುದು: ಆರ್‌ಸಿ, ಪಾಲಿಸಿ, ನಿಮ್ಮ ಡಿಎಲ್, ಓನರ್ ಸಹಿ ಹಾಕಿದ ಕ್ಲೈಮ್ ಫಾರಂ, ಗ್ಯಾರೇಜಿನ ಎಸ್ಟಿಮೇಟ್. ಬೇರೆಯವರಿಗೆ ಗಾಯ ಅಥವಾ ನಷ್ಟ ಆಗಿದ್ದರೆ ಪೊಲೀಸ್ ದಾಖಲೆ ಕೂಡ.

ಮೂರು ಸಂದರ್ಭಗಳಲ್ಲಿ ಮಾತ್ರ ಕಾರಿನ ರಿಪೇರಿಗೆ ಇನ್ಶೂರೆನ್ಸ್ ಮರೆತುಬಿಡಿ. ಕುಡಿದು ಓಡಿಸಿದ್ದು, ಡಿಎಲ್ ಇಲ್ಲದೆ ಅಥವಾ ಅವಧಿ ಮುಗಿದ ಡಿಎಲ್‌ನಲ್ಲಿ ಓಡಿಸಿದ್ದು, ಬಿಳಿ ಬೋರ್ಡ್ ಕಾರನ್ನು ಬಾಡಿಗೆ ಕೊಟ್ಟು ತೆಗೆದುಕೊಂಡು ಹೋಗಿದ್ದು. ಪೆಟ್ರೋಲ್ ಹಾಕಿಸಿ ವಾಪಸ್ ಕೊಡುವುದು ಬೇರೆ, ದಿನಕ್ಕಿಷ್ಟು ಅಂತ ಕೊಡುವುದು ಬೇರೆ. ಈ ಮೂರರಲ್ಲಿ ಪೂರ್ತಿ ಬಿಲ್ ನಿಮ್ಮದು. ಡಿಎಲ್ ಇಲ್ಲದವರಿಗೆ ಕಾರು ಕೊಟ್ಟ ಓನರ್‌ಗೂ ಮೋಟಾರು ವಾಹನ ಕಾಯ್ದೆಯ 180ನೇ ಸೆಕ್ಷನ್ ಅಡಿ 5,000 ರೂಪಾಯಿ ದಂಡ ಇದೆ. ಹದಿನೆಂಟು ತುಂಬದ ಹುಡುಗ ಓಡಿಸಿದ್ದರೆ ಕಥೆಯೇ ಬೇರೆ: 199ಎ ಪ್ರಕಾರ ಪೋಷಕರು ಅಥವಾ ಓನರ್‌ಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಕಾರಿನ ನೋಂದಣಿ ಒಂದು ವರ್ಷ ರದ್ದು.

ಹಂತ 4: ಪಾಲಿಸಿ ಯಾವ ತರಹದ್ದು ನೋಡಿ

ಬರೀ ಥರ್ಡ್ ಪಾರ್ಟಿ ಇದ್ದರೆ ಎದುರಿನವರ ನಷ್ಟ ಮಾತ್ರ ಕಂಪನಿಯದು. ಭಾವನ ಕಾರಿನ ಒಂದು ಸ್ಕ್ರೂಗೂ ಹಣ ಬರುವುದಿಲ್ಲ. ಹಳೇ ಕಾರುಗಳಿಗೆ ತುಂಬಾ ಜನ ಇದನ್ನೇ ಮಾಡಿಸಿರುತ್ತಾರೆ. ಆಗ ಲೆಕ್ಕ ಸುಲಭ, ಪೂರ್ತಿ ಬಿಲ್ ನೀವು ಕಟ್ಟಬೇಕು.

ನಾವು "ಫುಲ್ ಇನ್ಶೂರೆನ್ಸ್" ಅನ್ನುವುದು ಇದ್ದರೆ ಕಾರಿನ ಪೆಟ್ಟಿಗೂ ಹಣ ಬರುತ್ತದೆ, ಆದರೆ ಫುಲ್ ಬರುವುದಿಲ್ಲ. ಬದಲಿಸಿದ ಭಾಗ ಹಳೆಯದಾಗಿತ್ತು ಅಂತ ಅದರ ಬೆಲೆಯಲ್ಲಿ ಒಂದು ಪಾಲನ್ನು ಸವಕಳಿ ಅಂತ ಕಳೆಯುತ್ತಾರೆ. ಅದರ ಜೊತೆ "ಬಂಪರ್ ಟು ಬಂಪರ್", ಅಂದರೆ ಝೀರೋ ಡೆಪ್ರಿಸಿಯೇಷನ್ ಹಾಕಿಸಿದ್ದರೆ ಆ ಸವಕಳಿ ಕಳೆಯುವುದಿಲ್ಲ.

ಹಂತ 5: ನಿಜವಾದ ನಷ್ಟದ ಲೆಕ್ಕ

ಇಲ್ಲಿ ನಿಧಾನವಾಗಿ ಬನ್ನಿ. ನಮ್ಮ ಬಿಲ್ಲನ್ನೇ ತೆಗೆದುಕೊಳ್ಳೋಣ. ಕಾರಿಗೆ ನಾಲ್ಕು ವರ್ಷ ತುಂಬಿತ್ತು, 1,200 ಸಿಸಿ, ಫುಲ್ ಇನ್ಶೂರೆನ್ಸ್ ಇತ್ತು, ಬಂಪರ್ ಟು ಬಂಪರ್ ಇರಲಿಲ್ಲ.

ಬಂಪರ್ 6,500. ಹೆಡ್‌ಲೈಟ್ 7,500. ಬಾನೆಟ್ 9,000. ಪೇಂಟಿಂಗ್ 8,000. ಲೇಬರ್ 5,000. ಒಟ್ಟು 36,000 ರೂಪಾಯಿ.

ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಕಾರು ಹೊಸದಿದ್ದರೂ ಅರ್ಧ ಕಳೆಯುತ್ತಾರೆ. ಹಾಗಾಗಿ ಬಂಪರಿಗೆ 3,250, ಹೆಡ್‌ಲೈಟಿಗೆ 3,750 ಹೋಯಿತು. ಕಬ್ಬಿಣದ ಭಾಗಗಳಿಗೆ ವಯಸ್ಸಿನ ಮೇಲೆ ಕಡಿತ: ಎರಡರಿಂದ ಮೂರು ವರ್ಷಕ್ಕೆ ಶೇ. 15, ಮೂರರಿಂದ ನಾಲ್ಕಕ್ಕೆ ಶೇ. 25, ನಾಲ್ಕರಿಂದ ಐದಕ್ಕೆ ಶೇ. 35, ಐದರಿಂದ ಹತ್ತಕ್ಕೆ ಶೇ. 40. ನಮ್ಮ ಬಾನೆಟ್ಟಿಗೆ ಶೇ. 35 ಅಂದರೆ 3,150. ಪೇಂಟಿಂಗ್ ಬಿಲ್ಲಿನಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಅದು 1,000. ಲೇಬರಿಗೆ ಕಡಿತ ಇಲ್ಲ. ಗಾಜಿಗೂ ಇಲ್ಲ. ಸವಕಳಿಯ ಒಟ್ಟು 11,150.

ಇದರ ಮೇಲೆ ಪ್ರತಿ ಕ್ಲೈಮಿಗೂ ಓನರ್ ಕಡ್ಡಾಯವಾಗಿ ಕೊಡಬೇಕಾದ ಮೊತ್ತ ಇದೆ. 1,500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಬಂಪರ್ ಟು ಬಂಪರ್ ಇದ್ದರೂ ಇದು ತಪ್ಪುವುದಿಲ್ಲ. ಅಲ್ಲಿಗೆ 12,150 ರೂಪಾಯಿ ನಮ್ಮ ಕೈಯಿಂದ, ಉಳಿದ 23,850 ಕಂಪನಿಯಿಂದ. ನಾನು ಅವತ್ತು ಕಟ್ಟಿದ್ದು ಈ 12,150.

ಈಗ ಅಕ್ಕ ಹೇಳಿದ ವಿಷಯಕ್ಕೆ ಬರೋಣ. ಕ್ಲೈಮ್ ಮಾಡದ ಪ್ರತಿ ವರ್ಷಕ್ಕೂ ಪ್ರೀಮಿಯಂನಲ್ಲಿ ರಿಯಾಯಿತಿ ಕೊಡುತ್ತಾರೆ. ಅದೇ ನೋ ಕ್ಲೈಮ್ ಬೋನಸ್, ಎನ್‌ಸಿಬಿ. ಒಂದು ವರ್ಷಕ್ಕೆ ಶೇ. 20, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಇದು ಪ್ರೀಮಿಯಂನ ಓನ್ ಡ್ಯಾಮೇಜ್, ಅಂದರೆ ಸ್ವಂತ ಕಾರಿನ ಪೆಟ್ಟಿಗೆ ಕಟ್ಟುವ ಭಾಗಕ್ಕೆ ಮಾತ್ರ, ಥರ್ಡ್ ಪಾರ್ಟಿ ಭಾಗಕ್ಕಲ್ಲ. ಒಂದೇ ಒಂದು ಓನ್ ಡ್ಯಾಮೇಜ್ ಕ್ಲೈಮ್ ಆದರೆ ಇದು ಸೊನ್ನೆಗೆ ಬರುತ್ತದೆ. ಮತ್ತೆ ಮೊದಲಿನಿಂದ ಹತ್ತಬೇಕು.

ಭಾವನಿಗೆ ಮುಂದಿನ ವರ್ಷ ಶೇ. 50 ಬರುವುದಿತ್ತು. ಓನ್ ಡ್ಯಾಮೇಜ್ ಪ್ರೀಮಿಯಂ ರಿಯಾಯಿತಿಗೆ ಮೊದಲು ಸುಮಾರು 8,000. ಹಾಗಾದರೆ ಮೊದಲ ವರ್ಷವೇ 4,000 ನಷ್ಟ. ಎರಡನೇ ವರ್ಷ 50ರ ಬದಲು 20 ಸಿಗುತ್ತದೆ, 2,400 ನಷ್ಟ. ಮೂರನೇ ವರ್ಷ 2,000. ನಾಲ್ಕನೇ ವರ್ಷ 1,200. ಐದನೇ ವರ್ಷ 400. ಕೂಡಿಸಿದರೆ 10,000 ರೂಪಾಯಿ. ಕಾರಿನ ಬೆಲೆ ಇಳಿದಂತೆ ಪ್ರೀಮಿಯಂ ಕೂಡ ಸ್ವಲ್ಪ ಇಳಿಯುವುದರಿಂದ ನಿಜವಾದ ಮೊತ್ತ ಸ್ವಲ್ಪ ಕಡಿಮೆ ಇರಬಹುದು. ಆದರೂ ಇದು ಸಣ್ಣ ಹಣವಲ್ಲ, ಮತ್ತು ಇದು ಯಾವ ಗ್ಯಾರೇಜ್ ಬಿಲ್ಲಿನಲ್ಲೂ ಕಾಣುವುದಿಲ್ಲ. ಐದು ವರ್ಷ ಸದ್ದಿಲ್ಲದೆ ಓನರ್ ಜೇಬಿನಿಂದ ಹೋಗುತ್ತದೆ. ಪಾಲಿಸಿಯಲ್ಲಿ ಎನ್‌ಸಿಬಿ ಪ್ರೊಟೆಕ್ಟ್ ಹಾಕಿಸಿದ್ದರೆ ಮಾತ್ರ ಈ ನಷ್ಟ ತಪ್ಪುತ್ತದೆ, ಕೇಳಿ ನೋಡಿ.

ಇನ್ನೂ ಒಂದು ಬಾಬ್ತು ಇದೆ. ಕಾರು ಗ್ಯಾರೇಜಿನಲ್ಲಿದ್ದ ಹನ್ನೊಂದು ದಿನ ಭಾವ ಆಫೀಸಿಗೆ ಆಟೋದಲ್ಲಿ ಓಡಾಡಿದರು. ಅದೂ ನಮ್ಮ ಲೆಕ್ಕಕ್ಕೇ ಸೇರಬೇಕು. ನಿಮ್ಮ ಹತ್ತಿರ ಬೈಕ್ ಇದ್ದರೆ ಅಷ್ಟು ದಿನ ಅವರಿಗೆ ಕೊಟ್ಟುಬಿಡುವುದು ಒಳ್ಳೆಯ ದಾರಿ.

ಹಂತ 6: ಕ್ಲೈಮ್ ಮಾಡಬೇಕಾ, ಬೇಡವಾ

ಈ ಲೆಕ್ಕ ಹಾಕಿದ ಮೇಲೆ ತೀರ್ಮಾನ ತಾನಾಗಿ ಬರುತ್ತದೆ. ಕಂಪನಿ ಕೊಡುವ ಹಣದಿಂದ ಎನ್‌ಸಿಬಿ ನಷ್ಟ ಕಳೆಯಿರಿ. ನಮ್ಮದರಲ್ಲಿ 23,850ರಿಂದ 10,000 ಕಳೆದರೆ 13,850 ಉಳಿಯುತ್ತದೆ. ಕ್ಲೈಮ್ ಮಾಡಿದ್ದು ಸರಿಯೇ.

ಆದರೆ ಬಂಪರ್ ಮಾತ್ರ ಹೋಗಿದ್ದರೆ? ಬಂಪರ್ 5,000, ಪೇಂಟ್ 3,000, ಲೇಬರ್ 1,000, ಒಟ್ಟು 9,000 ಅಂದುಕೊಳ್ಳಿ. ಸವಕಳಿ 2,875, ಕಡ್ಡಾಯ ಮೊತ್ತ 1,000 ಕಳೆದು ಕಂಪನಿ ಕೊಡುವುದು 5,125. ಅದಕ್ಕಾಗಿ 10,000ದ ಬೋನಸ್ ಕಳೆದುಕೊಳ್ಳುವುದೇ? ಇಂಥ ಕಡೆ ಕ್ಲೈಮ್ ಮಾಡಿಸಬೇಡಿ, 9,000 ನೀವೇ ಕೊಡಿ. "ಇನ್ಶೂರೆನ್ಸ್ ಇದೆಯಲ್ಲ" ಅಂತ ಸಣ್ಣ ಗೀರಿಗೂ ಓನರ್ ಪಾಲಿಸಿ ಬಳಸುವುದು ನನಗೆ ಸರಿ ಕಾಣುವುದಿಲ್ಲ.

ಆ ಕಡೆ ದೊಡ್ಡ ಅಪಘಾತವಾಗಿ ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆಯ, ಅಂದರೆ ಐಡಿವಿಯ ಶೇ. 75 ದಾಟಿದರೆ ಕಾರನ್ನು ಟೋಟಲ್ ಲಾಸ್ ಅನ್ನುತ್ತಾರೆ. ಐಡಿವಿ ಲೆಕ್ಕದಲ್ಲಿ ಹಣ ಬರುತ್ತದೆ. ಅಂಥದೇ ಕಾರು ಸೆಕೆಂಡ್ ಹ್ಯಾಂಡ್ ಕೊಳ್ಳಲು ಅದು ಸಾಲದೇ ಹೋಗಬಹುದು. ಆ ವ್ಯತ್ಯಾಸದ ಮಾತನ್ನೂ ನೀವೇ ಎತ್ತಬೇಕು.

ಹಂತ 7: ಹಣ ಕೊಡುವ ರೀತಿ

"ಎಷ್ಟು ಕೊಡಬೇಕು ಹೇಳಿ" ಅಂತ ಕೇಳಬೇಡಿ. ಕೇಳಿದರೆ "ಏನೂ ಬೇಡ" ಅಂತಲೇ ಉತ್ತರ ಬರುವುದು. ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತೋರಿಸಿ: ಸವಕಳಿ ಇಷ್ಟು, ಕಡ್ಡಾಯ ಮೊತ್ತ ಇಷ್ಟು, ಎನ್‌ಸಿಬಿ ಇಷ್ಟು, ಓಡಾಟದ ಖರ್ಚು ಇಷ್ಟು. ಅಂಕಿ ಎದುರಿಗಿದ್ದರೆ ದಾಕ್ಷಿಣ್ಯ ಸ್ವಲ್ಪ ಸಡಿಲವಾಗುತ್ತದೆ. ಗ್ಯಾರೇಜಿನ ಪಾಲನ್ನು ಗ್ಯಾರೇಜಿಗೇ ನೇರವಾಗಿ ಕಟ್ಟಿ. ಉಳಿದಿದ್ದನ್ನು ಯುಪಿಐನಲ್ಲಿ ಕಳಿಸಿ, ಯಾವುದಕ್ಕೆ ಅಂತ ನೋಟ್ ಹಾಕಿ.

ಒಮ್ಮೆಲೇ ಆಗದಿದ್ದರೆ ತಿಂಗಳಿಗಿಷ್ಟು ಅಂತ ನೀವೇ ತಾರೀಖು ಹೇಳಿ, ವಾಟ್ಸಾಪಿನಲ್ಲಿ ಬರೆದು ಕಳಿಸಿ. ನೆಂಟರಲ್ಲಿ ಬರವಣಿಗೆ ಯಾಕೆ ಅನ್ನಿಸಬಹುದು. ನೆಂಟರಲ್ಲೇ ಜಾಸ್ತಿ ಬೇಕು, ಯಾಕೆಂದರೆ ಅವರು ನೆನಪಿಸಲು ಫೋನ್ ಮಾಡುವುದಿಲ್ಲ.

ಎದುರಿನವರದ್ದೇ ತಪ್ಪಾಗಿದ್ದರೆ? ಕಾನೂನು ಇಲ್ಲಿ ಸ್ವಲ್ಪ ಮೃದು. ಎರವಲು ಪಡೆದ ವಸ್ತುವಿನ ಬಗ್ಗೆ 1872ರ ಕರಾರು ಕಾಯ್ದೆಯಲ್ಲಿ ನಿಯಮಗಳಿವೆ. ನಿಮ್ಮದೇ ವಸ್ತುವಾಗಿದ್ದರೆ ಎಷ್ಟು ಜೋಪಾನ ಮಾಡುತ್ತಿದ್ದಿರೋ ಅಷ್ಟು ಜೋಪಾನ ಮಾಡಿದ್ದರೆ, ಆದ ನಷ್ಟಕ್ಕೆ ನೀವು ಹೊಣೆಯಲ್ಲ ಅನ್ನುತ್ತವೆ 151 ಮತ್ತು 152ನೇ ಸೆಕ್ಷನ್‌ಗಳು. ಆದರೆ 154 ನೋಡಿ. ಹೇಳಿದ್ದು ಮೈಸೂರಿಗೆ, ಹೋಗಿದ್ದು ಗೋವಾಕ್ಕೆ ಅಂತಾದರೆ, ತಪ್ಪು ಯಾರದ್ದೇ ಇರಲಿ ನಷ್ಟ ನಿಮ್ಮ ತಲೆಗೇ. ಇನ್ನು ಬ್ರೇಕ್ ಸರಿಯಿಲ್ಲ ಅನ್ನುವುದು ಗೊತ್ತಿದ್ದೂ ಓನರ್ ಹೇಳದೆ ಕೊಟ್ಟಿದ್ದರೆ 150ರ ಪ್ರಕಾರ ಹೊಣೆ ಅವರದ್ದು. ನನ್ನ ಮಟ್ಟಿಗೆ ಮಾತ್ರ, ಎದುರಿನವರ ತಪ್ಪಾಗಿದ್ದರೂ ಓನರ್ ಪಾಲನ್ನು ನಾನು ಕೊಟ್ಟು, ಎದುರಿನವರ ಹತ್ತಿರ ವಸೂಲಿ ಮಾಡುವ ಓಡಾಟವನ್ನೂ ನಾನೇ ಮಾಡುತ್ತೇನೆ. ಉಪಕಾರ ಮಾಡಿದವರು ಆ ಓಡಾಟ ಮಾಡಬಾರದು.

ಬೇರೆಯವರಿಗೆ ಗಾಯವಾಗಿದ್ದರೆ

ಆಗ ವಿಷಯ ನಿಮ್ಮಿಬ್ಬರ ನಡುವೆ ಮುಗಿಯುವುದಿಲ್ಲ. ಪೊಲೀಸರು ಮಹಜರು ಮಾಡುತ್ತಾರೆ, ಕಾರು ಸ್ಟೇಷನ್ನಿನಲ್ಲಿ ಉಳಿಯಬಹುದು, ಆರ್‌ಟಿಒ ಕಡೆಯವರು ಬಂದು ಪರೀಕ್ಷೆ ಮಾಡುತ್ತಾರೆ. ಅಜಾಗರೂಕ ಚಾಲನೆಯ ಕೇಸು ಓಡಿಸಿದವರ ಮೇಲೆ. ಆದರೆ ಪರಿಹಾರದ ಅರ್ಜಿ ಮೋಟಾರು ಅಪಘಾತ ಕ್ಲೈಮ್ ನ್ಯಾಯಮಂಡಳಿಗೆ ಹೋದಾಗ ಓಡಿಸಿದವರು, ಓನರ್, ಇನ್ಶೂರೆನ್ಸ್ ಕಂಪನಿ ಮೂವರಿಗೂ ನೋಟಿಸ್ ಬರುತ್ತದೆ. ಬೆಂಗಳೂರಿನಲ್ಲಿ ಇದು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತದೆ. ಓನರ್‌ಗೆ ಬಂದ ನೋಟಿಸನ್ನು ಅವತ್ತೇ ಕಂಪನಿಗೆ ತಲುಪಿಸಿ. ವಕೀಲರ ಖರ್ಚು, ಕೋರ್ಟಿಗೆ ಹೋದ ದಿನದ ಖರ್ಚು ನಿಮ್ಮದು.

ಸಾವು ಅಥವಾ ಗಾಯಕ್ಕೆ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಮಿತಿ ಇಲ್ಲ, ನ್ಯಾಯಮಂಡಳಿ ಹೇಳಿದಷ್ಟು ಕಂಪನಿ ಕೊಡುತ್ತದೆ. ಬೇರೆಯವರ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷದ ಮಿತಿ ಇರುತ್ತದೆ. ಡಿಎಲ್ ಇರಲಿಲ್ಲ ಅಂತಾದರೆ ಗಾಯಾಳುವಿಗೆ ಮೊದಲು ಕಂಪನಿ ಕೊಟ್ಟು ಆಮೇಲೆ ಓನರ್‌ನಿಂದ ವಸೂಲಿ ಮಾಡುವಂತೆ ಕೋರ್ಟ್ ಹೇಳಬಹುದು. ಒಂದು ಸಂಜೆಗೆ ಕೀ ಕೊಟ್ಟವರ ಮನೆ ಮೇಲೆ ಲಕ್ಷಗಟ್ಟಲೆ ಸಾಲ ಬೀಳುವುದು ಹೀಗೆಯೇ.

ನಿಮಗೇ ಗಾಯವಾದರೆ? ಇದು ತುಂಬಾ ಜನರಿಗೆ ಗೊತ್ತಿಲ್ಲ. ಪಾಲಿಸಿಯಲ್ಲಿರುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಓನರ್‌ಗೆ ಮಾತ್ರ. ಇಳಕಲ್ಲಿನಿಂದ ಎರವಲು ಬೈಕಿನಲ್ಲಿ ಹೊರಟು ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡ ಒಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೀಗೆ ಹೇಳಿತು: ಎರವಲು ಪಡೆದವರು ಓನರ್ ಜಾಗದಲ್ಲೇ ನಿಂತಂತೆ, ಹಾಗಾಗಿ ಅದೇ ಗಾಡಿಯ ಪಾಲಿಸಿಯಲ್ಲಿ ಮೂರನೆಯವರಾಗಿ, ತಪ್ಪು ಯಾರದೆಂದು ನೋಡದೆ ಸಿಗುವ ಪರಿಹಾರ ಕೇಳುವಂತಿಲ್ಲ. ಬೇರೆಯವರ ಗಾಡಿ ಓಡಿಸುವ ಅಭ್ಯಾಸ ಇರುವವರು ಸ್ವಂತ ಹೆಸರಿನಲ್ಲಿ ಒಂದು ಅಪಘಾತ ವಿಮೆ ಮಾಡಿಸಿಕೊಂಡಿರಿ.

ಕಂಪನಿ ಕ್ಲೈಮ್ ತಿರಸ್ಕರಿಸಿದರೆ

ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಓನರ್ ಹೆಸರಿನಲ್ಲಿ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಇಂಥ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಬೆಂಗಳೂರಿನ ಕಚೇರಿ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, ಒಂದು ವರ್ಷದೊಳಗೆ ಹೋಗಬೇಕು. ಕಾಗದ ಬರೆಯುವುದು, ದಾಖಲೆ ಜೋಡಿಸುವುದು ಎಲ್ಲಾ ನೀವು ಮಾಡಿ, ಓನರ್ ಸಹಿ ಹಾಕಿದರೆ ಸಾಕು. ತೀರ್ಪು ಬರುವವರೆಗೆ ಗ್ಯಾರೇಜ್ ಬಿಲ್ ತಡೆಹಿಡಿಯಬೇಡಿ. ನೀವು ಕಟ್ಟಿ ಕಾರು ಬಿಡಿಸಿಕೊಡಿ, ಆಮೇಲೆ ಕಂಪನಿಯಿಂದ ಬಂದರೆ ನಿಮಗೆ ವಾಪಸ್ ಬರಲಿ.

ಕೊನೆಯ ಹಂತ: ರಿನ್ಯೂವಲ್ ತಾರೀಖು

ಕಾರು ವಾಪಸ್ ಕೊಡುವ ದಿನ ತೊಳೆಸಿ, ಟ್ಯಾಂಕ್ ತುಂಬಿಸಿ, ಬಿಲ್ಲುಗಳ ಒಂದು ಪ್ರತಿ ಡ್ಯಾಶ್‌ಬೋರ್ಡಿನಲ್ಲಿ ಇಡಿ. ಹೊಸ ಹೆಡ್‌ಲೈಟ್ ರಾತ್ರಿ ಎಲ್ಲಿಗೆ ಬೀಳುತ್ತದೆ ಅಂತ ಗೋಡೆಗೆ ಬಿಟ್ಟು ನೋಡಿ, ಎರಡೂ ಒಂದೇ ಎತ್ತರದಲ್ಲಿರಬೇಕು. ಬಣ್ಣವನ್ನು ಬಿಸಿಲಿನಲ್ಲಿ ನಿಲ್ಲಿಸಿ ನೋಡಿ, ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಎನ್‌ಸಿಬಿ ಹಣವನ್ನು ಒಂದೇ ಸಲ ಕೊಡಲು ಓನರ್ ಒಪ್ಪದಿದ್ದರೆ, ಪಾಲಿಸಿಯ ರಿನ್ಯೂವಲ್ ತಾರೀಖನ್ನು ನಿಮ್ಮ ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಕೊಳ್ಳಿ, ಹದಿನೈದು ದಿನ ಮುಂಚೆ ನೆನಪಿಸುವ ಹಾಗೆ. ಭಾವನ ಪಾಲಿಸಿ ನವೆಂಬರಿನಲ್ಲಿ ಮುಗಿಯುತ್ತದೆ. ಎರಡನೇ ವರ್ಷದಿಂದ ನವೆಂಬರ್ ಮೊದಲ ವಾರ ಅಕ್ಕನ ನಂಬರಿಗೆ ಆ ವರ್ಷದ ವ್ಯತ್ಯಾಸ ಕಳಿಸುತ್ತಾ ಬಂದೆ. ಮೊದಲ ವರ್ಷದ 4,000ವನ್ನು ಕೈಯಲ್ಲೇ ಕೊಟ್ಟೆ. ಭಾವ ಬೇಡ ಅಂದರು. ಅಕ್ಕ ಲೆಕ್ಕದ ಹಾಳೆ ಓದಿ, ಮಡಚಿ, ಪಾಲಿಸಿ ಇಟ್ಟಿದ್ದ ಫೈಲಿನಲ್ಲಿ ಸೇರಿಸಿಟ್ಟಳು.